ಇಲ್ಲದ ಅಣ್ಣನ ಕುಡಿತ

ಬಸವನ ಬಾಗೇವಾಡಿ
೧೬-೭-೨೦೨೪

ಚಿ. ಸೌ. ರೇಣುಕಾಳಿಗೆ,

ನಿನ್ನ ಅವ್ವನ ಮನಸಾರೆ ಆಶೀರ್ವಾದ. ಅಳಿಯ ಅನೀಲಕುಮಾರ ಅವರಿಗೂ ಕೂಸಿಗೂ ನನ್ನ ನೆನಪು ಹೇಳು. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆಯುವುದು ರೂಢಿ. ನಾವೆಲ್ಲ ಎಂದರೆ ನಾನು, ಮನೆಗೆಲಸದ ರೇವವ್ವ ಮತ್ತು ಹಿತ್ತಲಿನ ಕರಿಬೇವಿನ ಗಿಡ. ಗಿಡ ಸುಖವಾಗಿದೆ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಬರೆದು ಹರಿದು, ಮತ್ತೆ ಬರೆದು ಹರಿದು, ಮನೆಯಲ್ಲಿದ್ದ ಕಾಗದವೇ ಮುಗಿದುಹೋಯಿತು. ಇನ್‌ಲ್ಯಾಂಡ್ ತರಲು ಅಂಚೆ ಕಚೇರಿಗೆ ಹೋದರೆ ಅಲ್ಲಿಯ ಗುಮಾಸ್ತ, "ಯಾವ ಕೋರ್ಟಿಗೆ ಕಳಸ್ತೀರಿ ಅಕ್ಕೋರ?" ಎಂದ. ಮಗಳಿಗೆ ಎಂದೆ. "ಆಸ್ತಿ ಜಗಳೇನ್ರಿ?" ಎಂದು ದನಿ ಇಳಿಸಿ ಕೇಳಿದ. ಈಗಿನ ಕಾಲದಲ್ಲಿ ತಾಯಿ ಮಗಳಿಗೆ ಪತ್ರ ಬರೆದರೆ ಜನ ಇಷ್ಟೇ ತಿಳಿಯುವುದು.

ಮುದ್ದೇಬಿಹಾಳ ದೂರದ ಊರೇನಲ್ಲ, ಫೋನೂ ಕೈಯಲ್ಲೇ ಇದೆ. ಆದರೆ ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ ರೇಣು, ದನಿ ಕೇಳುತ್ತೀ. "ಮಳೆ ಬಂತು" ಎಂದರೆ ಮಳೆಯ ಬಗ್ಗೆ ಏನೂ ವಿಚಾರಿಸದೆ, "ದನಿ ಯಾಕ ಹಂಗೈತಿ? ಉಂಡೀಯಿಲ್ಲೋ?" ಎನ್ನುತ್ತೀ. ನರ್ಸಿನ ಕಿವಿ ಅದು, ತಪ್ಪು ನಿನ್ನದಲ್ಲ. ನಾನೂ, ನೀನು ಊಟದ ಬಗ್ಗೆಯೇ ಕೇಳಿದೆಯೇನೋ ಎಂಬಂತೆ "ಉಂಡೇನಿ" ಎಂದು ಫೋನಿಡುತ್ತೇನೆ. ಆ ಸಂಗತಿಯನ್ನು ನಾವಿಬ್ಬರೂ ಇದುವರೆಗೆ ಹೆಸರು ಹಿಡಿದು ಕರೆದಿಲ್ಲ. ಈಗ ಕರೆಯುತ್ತೇನೆ. ನಾನು ಬ್ರಾಂಡಿ ಕುಡಿಯುತ್ತೇನೆ. ನಿವೃತ್ತಿಯಾದ ವರ್ಷ ಕೆಮ್ಮಿಗೆಂದು ಎರಡು ಚಮಚದಿಂದ ಶುರುವಾಯಿತು. ಕೆಮ್ಮು ಆ ವರ್ಷವೇ ಹೋಯಿತು.

ಇಷ್ಟು ಬರೆಯುವಷ್ಟರಲ್ಲಿ ಬೆವರು ಬಂತು. ಫ್ಯಾನು ಹಾಕಿಕೊಂಡು ಬಂದು ಮುಂದಿನದು ಬರೆಯುತ್ತಿದ್ದೇನೆ. ಮುಂದಿನದು ಸ್ವಲ್ಪ ನಗುವಂಥದ್ದು.

ಹೋದ ತಿಂಗಳು ಕಣ್ಣು ತೋರಿಸಿಕೊಂಡು ವಿಜಯಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು. "ಕುಡಿತ ನಿಮ್ಮ ಕೈ ಮಿರಿದೆಯೇ? ನಾವೂ ನಿಮ್ಮಂತೆಯೇ ಇದ್ದೆವು." ಕೆಳಗೆ ಫೋನ್ ನಂಬರು. ಮೊದಲು ಪೆನ್ನು ತೆಗೆದು 'ಮಿರಿದೆ'ಯನ್ನು 'ಮೀರಿದೆ' ಎಂದು ತಿದ್ದಿದೆ. ಆಮೇಲೆ ನಂಬರು ಬರೆದುಕೊಂಡೆ.

ನಾಲ್ಕಾರು ದಿನ ಧೈರ್ಯ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಫೋನ್ ಹಚ್ಚಿದೆ. ಎತ್ತಿದವನು ಕುತುಬುದ್ದೀನ ಎಂಬವನು. ಸಿಂದಗಿಯಲ್ಲಿ ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವ ದರ್ಜಿ. ಹಿಂದೆ ಹೊಲಿಗೆ ಮಶೀನು ಗಡಗಡ ಕೇಳುತ್ತಿತ್ತು. "ಹೇಳ್ರಿ, ಯಾರ ಸಲುವಾಗ್ರಿ?" ಎಂದ. ನನ್ನ ಸಲುವಾಗಿ ಎಂದು ಹೇಳಲು ಬಾಯಿ ತೆರೆದೆ. "ನಮ್ಮ ಅಣ್ಣನ ಸಲುವಾಗ್ರಿ" ಎಂದು ಬಂತು. ಹೆಸರು ಕೇಳಿದ. ಬಸಂತರಾಯ ಎಂದೆ.

ನನಗೆ ಅಣ್ಣನಿಲ್ಲ, ತಮ್ಮನಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ನಿನ್ನ ಅಜ್ಜ ಅಜ್ಜಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರೂ ಹುಟ್ಟದ ಗಂಡುಮಗ, ನನ್ನ ಈ ವಯಸ್ಸಿನಲ್ಲಿ ನನ್ನ ಬಾಯಿಂದ ಹುಟ್ಟಿದ. ಅದೂ ಹುಟ್ಟುತ್ತಲೇ ಕುಡುಕನಾಗಿ.

ಐತವಾರ ಸಂಜೆ ಸಿಂದಗಿಯಲ್ಲಿ ಮೀಟಿಂಗು, ಕುಡಿತ ಬಿಟ್ಟವರು ಮತ್ತು ಬಿಡಬೇಕೆಂದವರು ಕೂಡಿ ಕೂತು ಮಾತಾಡುತ್ತೇವೆ, ಬೇರೇನಿಲ್ಲ ಎಂದು ಅವನು ಹೇಳಿದ. ನನಗೆ ಸಿಂದಗಿಯೇ ಬೇಕಿತ್ತು. ಹೊರ್ತಿ, ಅಗರಖೇಡ, ನಿಡಗುಂದಿ, ಬಾಗೇವಾಡಿ, ಇಷ್ಟೂ ಕಡೆ ನಾನು ಕಲಿಸಿದ್ದೇನೆ. ಸಿಂದಗಿಯ ಮಕ್ಕಳಷ್ಟೇ ನನ್ನ ಕೈಗೆ ಸಿಗದೆ ಉಳಿದವರು. ಅಲ್ಲಿ ಯಾರೂ ಗುರುತು ಹಿಡಿಯಲಿಕ್ಕಿಲ್ಲ ಎಂದು ತಲೆ ಮೇಲೆ ಸೆರಗು ಹೊದ್ದು, ಆಧಾರ್ ಕಾರ್ಡು ತೋರಿಸಿ, ಪುಕ್ಕಟೆ ಟಿಕೀಟಿನಲ್ಲಿ ದೇವರ ಹಿಪ್ಪರಗಿ ಮೇಲೆ ಹಾದು ಹೋದೆ.

ಮೀಟಿಂಗು ಒಂದು ಸಾಲಿಯಲ್ಲಿ, ಅದೂ ಒಂದನೇ ತರಗತಿಯ ಕೋಣೆಯಲ್ಲಿ. ಗೋಡೆಗೆ ಅರಸ, ಆನೆ, ಇಲಿ. ಅಂಗೈ ಅಗಲದ ಬೆಂಚುಗಳ ಮೇಲೆ ಮೀಸೆ ಹೊತ್ತ ಗಂಡಸರು ಮೊಣಕಾಲು ಕಿವಿಗೆ ಹಚ್ಚಿಕೊಂಡು ಕೂತಿದ್ದರು. ನಾನು ಹೊಸ್ತಿಲಲ್ಲಿ ನಿಂತದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬ ಜಿಗಿದು ಎದ್ದ. "ಏ ಏಳ್ರೋ! ಅಕ್ಕೋರು ಬಂದ್ರು!"

ಅಷ್ಟೂ ಮಂದಿ ಎದ್ದು ನಿಂತರು ರೇಣು. ಕೈ ಕಟ್ಟಿಕೊಂಡು ನಿಂತರು. ನಾನು ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಪ್ರಾರ್ಥನೆ ಶುರು ಮಾಡುತ್ತಿದ್ದರು.

ಜಿಗಿದು ಎದ್ದವನು ಕಾಂತು. ಹೊರ್ತಿಯಲ್ಲಿ ನನ್ನ ಕೈಯಲ್ಲಿ ನಾಲ್ಕನೇ ತರಗತಿ ಓದಿದವನು, ಈಗ ಕ್ರೂಸರ್ ಗಾಡಿ ಓಡಿಸುತ್ತಾನೆ. ಅವನ ಪಕ್ಕದಲ್ಲಿ ಅಗರಖೇಡದ ಸಿದ್ಧರಾಮ, ಆರನೇ ತರಗತಿ. ಇಂಡಿ ಕಡೆಯವರು ನೀವು ಇಲ್ಲೇಕೆ ಎಂದರೆ, "ಅಲ್ಲೆ ಎಲ್ಲಾರೂ ಗುರ್ತದವ್ರು ಅದಾರ್ರಿ ಅಕ್ಕೋರ, ಅದಕ್ಕ ಇಲ್ಲಿ ಬರ್ತೇವಿ" ಎಂದರು. ಹಾಗಾದರೆ ಸಿಂದಗಿಯವರು? ಅವರು ಇಂಡಿಗೆ ಹೋಗುತ್ತಾರಂತೆ. ಸಿಂದಗಿಯವನು ಕುತುಬುದ್ದೀನ ಒಬ್ಬನೇ.

ಅವನು ಬಾಗಿಲ ಕಡೆ ನೋಡಿ, "ಅಣ್ಣಾರು ಬರ್ಲಿಲ್ರಿ?" ಎಂದು ಮೆಲ್ಲಗೆ ಕೇಳಿದ. ಅವನಿಗೆ ಜ್ವರ ಎಂದೆ. ಅಷ್ಟರಲ್ಲಿ ಕಾಂತು, "ಅಕ್ಕೋರು ಬಂದಿದ್ದ ಚಲೋ ಆತು. ನಾಕ ಮಾತ ಹೇಳ್ರಿ ನಮಗ" ಎಂದು ಬೋರ್ಡಿನ ಮೇಲೆ ಬರೆಯುವ ಖಡು ತಂದು ಕೈಗಿತ್ತ. ಅಷ್ಟು ವರ್ಷ ಸುಣ್ಣದ ಧೂಳು ತಿಂದವಳ ಕೈಗೆ ಖಡು ಕೊಟ್ಟರೆ ಏನಾಗುತ್ತದೆ? ಬೋರ್ಡಿನ ಮೇಲೆ ಯಕೃತ್ತಿನ ಚಿತ್ರ ಬಿಡಿಸಿದೆ. ಕುಡಿತದ ದುಷ್ಪರಿಣಾಮಗಳನ್ನು ಒಂದೊಂದಾಗಿ ವಿವರಿಸಿದೆ. ಇಬ್ಬರಿಗೆ ಪ್ರಶ್ನೆ ಕೇಳಿದೆ, ಸಿದ್ಧರಾಮನಿಗೆ ಉತ್ತರ ಬರಲಿಲ್ಲ. ಮುಗಿದ ಮೇಲೆ ಚಪ್ಪಾಳೆ ತಟ್ಟಿದರು, ಕಾಂತು ಕಣ್ಣು ಒರೆಸಿಕೊಂಡ. ಆಗ ನನ್ನ ಕೈಚೀಲದ ಥರ್ಮಾಸಿನಲ್ಲಿ ಇದ್ದದ್ದು ಚಹಾ ಅಲ್ಲ.

ನಗು ಬಂದರೆ ನಗು. ನನಗೂ ಬಸ್ಸಿನಲ್ಲಿ ಬರುವಾಗ ನಗು ಬಂತು. ಹಿಪ್ಪರಗಿ ದಾಟಿದ ಮೇಲೆ ನಿಂತಿತು.

ಮೈ ಕಡೆ ಲಕ್ಷ್ಯವಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ನಿನ್ನ ಅವ್ವ
ಸುನಂದಾ

ತಾ.ಕ.: ಪಂಚಮಿಗೆ ಬರುತ್ತೀಯಲ್ಲ? ಶೇಂಗಾ ಉಂಡಿ ಕಟ್ಟಿಸುತ್ತೇನೆ. ನಾನು ಕಟ್ಟುವುದಿಲ್ಲ, ಮುಂಜಾನೆ ಕೈ ನಡುಗುತ್ತವೆ. ರೇವವ್ವ ಕಟ್ಟುತ್ತಾಳೆ.


ಬಸವನ ಬಾಗೇವಾಡಿ
೨೦-೮-೨೦೨೪

ಪ್ರೀತಿಯ ರೇಣು,

ಅವ್ವನ ಆಶೀರ್ವಾದ. ಪಂಚಮಿಗೆ ನೀನು ಬರಲಿಲ್ಲ. ಅನೀಲಕುಮಾರ ಅವರೇ ಫೋನ್ ಮಾಡಿ, "ಕೂಸಿಗೆ ಥಂಡಿ ಆಗೈತ್ರಿ ಅತ್ತಿ, ರೇಣು ಬರೂದಾಗೂದಿಲ್ಲ" ಎಂದರು. ಒಳ್ಳೆಯ ಮನುಷ್ಯ. ಸುಳ್ಳು ಹೇಳಿ ರೂಢಿಯಿಲ್ಲ, ಅದಕ್ಕೇ ಎರಡು ಸಲ ಹೇಳಿದರು. ಉಂಡಿ ನಾನು ಮತ್ತು ರೇವವ್ವ ತಿಂದೆವು. ಓಣಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತ ಕೂಗಿದ್ದು ಒಳಗಿನವರೆಗೂ ಕೇಳುತ್ತಿತ್ತು. ಕಿಟಕಿ ಹಾಕಿಕೊಂಡೆ. ಇರಲಿ. ಈ ಪತ್ರವೂ ತಡವಾದದ್ದಕ್ಕೆ ಆ ಬೇಸರವೇ ಕಾರಣ, ಕ್ಷಮಿಸು.

ಈಗ ನಿನ್ನ ಸೋದರಮಾವ ಬಸಂತರಾಯನ ಸುದ್ದಿ.

ಐತವಾರ ಬಂದರೆ ನಾನು ಸಿಂದಗಿಗೆ ಹೋಗುತ್ತಿದ್ದೇನೆ. ಕಂಡಕ್ಟರ್ ಈಗ ಆಧಾರ್ ಕೇಳುವುದಿಲ್ಲ, "ಸಿಂದಗ್ಯಾಗ ಬೀಗರು ಮಾಡೀರೇನ್ರಿ ಅಕ್ಕೋರ?" ಎಂದು ಕೇಳುತ್ತಾನೆ. ಬಸಂತರಾಯ ಮಾತ್ರ ಒಂದು ಸಲವೂ ಬಂದಿಲ್ಲ. ಮೊದಲನೆಯ ಸಲ ಜ್ವರ. ಆಮೇಲೆ ಮದುವೆಗೆ ಹೋದ. ಅದರ ಮುಂದಿನ ವಾರ ಮೆಟ್ಟಿಲ ಮೇಲಿಂದ ಬಿದ್ದು ಕಾಲು ಉಳುಕಿತು. ಇಲ್ಲದವನಿಗೆ ಇಷ್ಟು ತ್ರಾಸು ಕೊಡಬಾರದಿತ್ತು.

ಆದರೆ ಅಲ್ಲಿಯ ಗಂಡಸರಿಗೆ ಅವನ ಮೇಲೆ ಎಂಥ ಕಳಕಳಿ ಅನ್ನುತ್ತೀ! ಸಿದ್ಧರಾಮ ಒಂದು ಪೆಂಟೆ ಬೆಲ್ಲ ಕೊಟ್ಟು, "ಕುಡೀಬೇಕು ಅನಿಸಿದಾಗ ಅಣ್ಣಾರಿಗೆ ಇದನ್ನ ಬಾಯಾಗ ಇಟ್ಗೋಳಾಕ ಹೇಳ್ರಿ" ಎಂದ. ಬೆಲ್ಲವನ್ನು ಅಣ್ಣನಿಗೆ ಮುಟ್ಟಿಸಿದೆ. ಒಂದೊಂದು ದಿನ ಅದು ನಡೆಯುತ್ತದೆ, ಒಂದೊಂದು ದಿನ ಬೆಲ್ಲವೂ ಬ್ರಾಂಡಿಯೂ ಎರಡೂ ಆಗುತ್ತವೆ. ನನಗೆ ತಿಳಿಯಬೇಕಾದದ್ದನ್ನೆಲ್ಲ ಅಣ್ಣನ ಹೆಸರಿನಲ್ಲಿ ಕೇಳುತ್ತೇನೆ. "ನಮ್ಮ ಅಣ್ಣನ ಕೈ ಮುಂಜಾನೆ ನಡುಗತಾವಲ್ಲ, ಒಮ್ಮೆಲೆ ಬಿಟ್ರ ನಿಲ್ತಾವೇನು?" ಎಂದೆ. ಕುತುಬುದ್ದೀನ ಮಾತು ನಿಲ್ಲಿಸಿ ನನ್ನ ಕೈ ನೋಡಿದ. ನಾನು ಸೆರಗಿನೊಳಗೆ ಎಳೆದುಕೊಂಡೆ. "ಒಮ್ಮೆಲೆ ಬಿಡಸಾಕ ಹೋಗಬ್ಯಾಡ್ರಿ, ಜೀವಕ್ಕ ಕುತ್ತು ಬರ್ತೈತಿ. ಮೊದಲ ಡಾಕ್ಟರಿಗೆ ತೋರಸ್ರಿ. ಅಣ್ಣಾರಿಗೆ ಹೇಳ್ರಿ, ಇದರಾಗ ನಾಚಗೊಳ್ಳೂದು ಏನೂ ಇಲ್ಲ" ಎಂದ.

ಬಸಂತರಾಯ ನಾಚಿಕೊಂಡ.

ಅವರು ತಮ್ಮ ಕಥೆಗಳನ್ನು ಹೇಳುತ್ತಾರೆ. ಒಬ್ಬೊಬ್ಬನೂ ಎದ್ದು ತನ್ನ ಹೆಸರು ಹೇಳಿ, ನಾನು ಕುಡಿತದ ರೋಗಿ ಎನ್ನುತ್ತಾನೆ. ಉಳಿದವರು ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಕಾಂತು ಒಮ್ಮೆ ಕುಡಿದು ತನ್ನ ಮದುವೆ ದಿಬ್ಬಣವನ್ನೇ ಬೇರೆ ಊರಿಗೆ ಹೊಡೆದುಕೊಂಡು ಹೋಗಿದ್ದನಂತೆ. ಆ ಊರಿನಲ್ಲೂ ಅವತ್ತೊಂದು ಮದುವೆ ಇತ್ತು. ಊಟದ ಪಂಕ್ತಿಗೆ ಕೂತ ಮೇಲೆ ಇದು ನಮ್ಮ ಬೀಗರ ಮನೆಯಲ್ಲ ಎಂದು ಯಾರಿಗೋ ಹೊಳೆಯಿತಂತೆ. ಎಲ್ಲರೂ ನಕ್ಕರು. ಕಾಂತುವೂ ನಕ್ಕ. ನಕ್ಕು ಮುಗಿಸಿ, "ನನ್ನ ಹೇಂತಿ ಮಾತ್ರ ಇವತ್ತಿನ ತನಕ ನಕ್ಕಿಲ್ರಿ" ಎಂದು ಕೂತ. ನನ್ನ ಸರದಿ ಬಂದಾಗ ನಾನು ಎದ್ದು ಮಧುಮೇಹದ ಬಗ್ಗೆ ಮಾತಾಡಿದೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ನಮ್ಮ ಊರಿನಲ್ಲಿ ನಿವೃತ್ತ ಹೆಡ್ ಟೀಚರ್ ವೈನ್ ಶಾಪಿನ ಕಿಟಕಿಗೆ ಹೋಗಿ ನಿಲ್ಲಲು ಬರುತ್ತದೆಯೇ? ತಂದುಕೊಡುವವಳು ರೇವವ್ವ. ಅವಳು ಅಲ್ಲಿ "ನಮ್ಮ ಮನ್ಯಾಂವಗ ಬೇಕಾಗೈತಿ" ಎಂದು ಹೇಳಿ ತರುತ್ತಾಳೆ. ಅವಳ ಗಂಡ ಅಮಸಿದ್ದ ಕುರಿ ಕಾಯುವವನು, ಬೀರಪ್ಪನ ಭಕ್ತ, ಹುಟ್ಟಿದಾಗಿನಿಂದ ಚಹಾ ಬಿಟ್ಟು ಬೇರೇನೂ ಕುಡಿದಿಲ್ಲ. ಅವನಿಗೆ ಇದು ಗೊತ್ತಿಲ್ಲ. ಆದರೆ ಅವನು ಕುಡುಕನೆಂದು ಓಣಿಗೆ ಗೊತ್ತು. ಜೈನುದ್ದೀನನ ಕಿರಾಣಿ ಅಂಗಡಿಯ ಮುಂದೆ ಕೂತರೆ ಹೋಗಿ ಬರುವವರು, "ಅಮಸಿದ್ದಾ, ವಯಸ್ಸಾತು, ಇನ್ನರೇ ಬಿಡು" ಎನ್ನುತ್ತಾರಂತೆ. ಅವನು ಬೀಡಿ ಎಂದುಕೊಂಡು ಬೀಡಿ ಬಿಟ್ಟನಂತೆ. ಆದರೂ ಬಿಡು ಬಿಡು ಎನ್ನುತ್ತಾರಂತೆ.

ಈಗ ಅಸಲು ಪೇಚು. ಮೊನ್ನೆ ಐತವಾರ ಕಾಂತು ಎದ್ದು, "ಅಣ್ಣಾರು ಬರೂದಿಲ್ಲ ಅಂದ್ರ ನಾವರೇ ಹೋಗೋಣು. ಮುಂದಿನ ಐತವಾರ ನನ್ನ ಗಾಡಿ ತರ್ತೇನಿ, ಬಾಗೇವಾಡಿಗೆ ಎಲ್ಲಾರೂ ಹೋಗೂದು" ಎಂದ. ಎಲ್ಲರೂ ಕೈ ಎತ್ತಿದರು. ಅವನು ಭಾಳ ಸಿಟ್ಟಿನ ಮನುಷ್ಯ, ಬೈಯುತ್ತಾನೆ ಎಂದೆ. "ಬೈಸ್ಕೊಂಡು ನಮಗ ರೂಢಿ ಐತ್ರಿ" ಎಂದರು. ಹೊಡೆಯಲೂಬಹುದು ಎಂದೆ. "ಅದೂ ಐತ್ರಿ" ಎಂದರು.

ಎರಡು ದಿನದಿಂದ ಇದೇ ಯೋಚನೆ. ಅಣ್ಣನನ್ನು ಸಾಯಿಸಿಬಿಡಲೇ ಎಂದೂ ಅನ್ನಿಸಿತು. ಆದರೆ ಇವರು ಮಣ್ಣಿಗೂ ಬಂದೇ ಬರುವ ಮಂದಿ. ಕೊನೆಗೆ ರೇವವ್ವನಿಗೆ, ಒಂದು ತಾಸಿನ ಮಟ್ಟಿಗೆ ಅಮಸಿದ್ದನನ್ನು ಬಸಂತರಾಯ ಎಂದು ಕೂರಿಸೋಣವೇ ಎಂದು ಕೇಳಿದೆ. ಕಸಬರಿಗೆ ನೆಲಕ್ಕೆ ಒಗೆದಳು. "ಅಕ್ಕೋರ, ನನ್ನ ಗಂಡ ಓಣಿ ತುಂಬ ಕುಡದದ್ದು ಸಾಕಾಗಿಲ್ಲೇನ್ರಿ? ಈಗ ನಿಮ್ಮ ಮನ್ಯಾಗೂ ಬಂದು ಕುಡೀಬೇಕೇನು?" ಎಂದಳು. ಅವಳು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಕಸಬರಿಗೆಯನ್ನು ನಾನೇ ಎತ್ತಿ ಮೂಲೆಗಿಟ್ಟೆ.

ಐತವಾರ ಏನಾಗುತ್ತದೋ ಬರೆಯುತ್ತೇನೆ. ಕೂಸಿನ ಥಂಡಿ ನಿಜವಾಗಿದ್ದರೆ ಬೇಗ ವಾಸಿಯಾಗಲಿ. ನಿಜವಲ್ಲದಿದ್ದರೂ ಹಾಗೇ ಆರೋಗ್ಯವಾಗಿರಲಿ.

ನಿನ್ನ ಅವ್ವ
ಸುನಂದಾ

ತಾ.ಕ.: ಬಸಂತರಾಯ ಮೊದಲಿಗಿಂತ ಕಡಿಮೆ ಮಾಡಿದ್ದಾನೆ. ನೀನು ಕೇಳಿಲ್ಲ, ಆದರೂ ಹೇಳಿದೆ.


ಬಸವನ ಬಾಗೇವಾಡಿ
೨೪-೯-೨೦೨೪

ನನ್ನ ಮಗಳು ರೇಣುಕಾಳಿಗೆ,

ಆಶೀರ್ವಾದಗಳು. ತಿಂಗಳ ಮೇಲಾಯಿತು, ಒಂದಕ್ಷರ ಬರೆಯಲಿಲ್ಲ. ಅಳಿಯಂದಿರು ಫೋನ್ ಮಾಡಿ, "ಅತ್ತಿ, ಐತವಾರ ಏನಾತ್ರಿ? ಬಸಂತರಾಯ ಮಾಮಾನ್ನ ಹಿಡದ್ರೇನ್ರಿ?" ಎಂದು ಕೇಳಿಯೇಬಿಟ್ಟರು. ಅಂದರೆ ನನ್ನ ಪತ್ರಗಳನ್ನು ನೀನು ಓದುತ್ತಿದ್ದೀ. ಓದಿ ಅವರಿಗೂ ಹೇಳುತ್ತಿದ್ದೀ. ಅವತ್ತೇ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ತಂದೆ.

ಆ ಐತವಾರ ಹತ್ತು ಗಂಟೆಗೆ ಕಾಂತುವಿನ ಕ್ರೂಸರ್ ಬಾಗಿಲ ಮುಂದೆ ನಿಂತಿತು. ಕುತುಬುದ್ದೀನ, ಕಾಂತು, ಸಿದ್ಧರಾಮ, ಇನ್ನೂ ಇಬ್ಬರು. ಎಲ್ಲರೂ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹೆಣ್ಣು ನೋಡಲು ಬಂದವರ ಹಾಗೆ ಇದ್ದರು. ಬಾಳೆಹಣ್ಣು ತಂದಿದ್ದರು. ಪಡಸಾಲೆಯಲ್ಲಿ ಕೂರಿಸಿ ಚುರುಮುರಿ ಸೂಸಲ, ಚಹಾ ಕೊಟ್ಟೆ. ಅಣ್ಣ ಜಳಕ ಮಾಡುತ್ತಿದ್ದಾನೆ ಎಂದೆ. ತಾಸಾಯಿತು. ಎಷ್ಟೆಂದು ಜಳಕ ಮಾಡಿಸಲಿ? ಪೂಜೆಗೆ ಕೂತಿದ್ದಾನೆ ಎಂದೆ. ರೇವವ್ವ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂತಲೇ ಎತ್ತಿ ಎತ್ತಿ ಇಡುತ್ತಿದ್ದಳು.

ಆಗ ಹೊರಗಿನಿಂದ ಅಮಸಿದ್ದ ಬಂದ.

ಯಾರೂ ಕರೆದಿರಲಿಲ್ಲ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಮುಖ ಸಣ್ಣಗಾಗಿತ್ತು. ಹೊಸ್ತಿಲಲ್ಲಿ ನಿಂತು, "ಅಕ್ಕೋರ, ಕುಡಿಯೂ ಮಾತಿನ ಸಲುವಾಗಿ ಬಂದೇನ್ರಿ" ಎಂದ. ಅವನು ಹೇಳಬೇಕೆಂದಿದ್ದದ್ದು ಬೇರೆ. ತನ್ನ ಹೆಸರು ಓಣಿಯಲ್ಲಿ ಕೆಟ್ಟಿದೆ, ಊರು ಮರ್ಯಾದೆ ಕೊಡುವ ಅಕ್ಕೋರು ಒಂದು ಮಾತು ಹೇಳಿದರೆ ಜನ ನಂಬುತ್ತಾರೆ ಎಂದು ನನ್ನಲ್ಲಿಗೇ ನ್ಯಾಯ ಕೇಳಲು ಬಂದಿದ್ದ. ಆದರೆ ಕಾಂತು ಅಷ್ಟಕ್ಕೆ ಬಿಟ್ಟರೆ ತಾನೆ? ಎದ್ದು ಹೋಗಿ ಗಟ್ಟಿಯಾಗಿ ಅಪ್ಪಿಕೊಂಡ.

"ಬರ್ರಿ ಅಣ್ಣಾರ! ನೀವಾಗೇ ಬಂದ್ರಿ ನೋಡ್ರಿ, ಅರ್ಧಾ ಗೆದ್ರಿ!"

ಅಮಸಿದ್ದನನ್ನು ನಡುವೆ ಕೂರಿಸಿಕೊಂಡರು. ಅವನು ಗಾಬರಿಯಾಗಿ, "ನಾ ಕುಡಿಯೂದಿಲ್ರಿ" ಎಂದ.

"ನಾವೂ ಹಿಂಗಽ ಅಂತಿದ್ವಿ" ಎಂದ ಸಿದ್ಧರಾಮ.

"ಬೀರಪ್ಪನ ಆಣಿ, ಒಂದ ಹನಿ ಮುಟ್ಟಿಲ್ಲ!"

"ನಾ ಯಲ್ಲಮ್ಮನ ಆಣಿ ಮಾಡ್ತಿದ್ದೆ" ಎಂದ ಇನ್ನೊಬ್ಬ, ಪ್ರೀತಿಯಿಂದ ಬೆನ್ನು ಸವರುತ್ತ.

"ಅಯ್ಯ, ಓಣಿ ಮಂದಿ ಸುಳ್ಳ ಹೇಳ್ತಾರ್ರೀ!"

"ಓಣಿ ಮಂದಿ ಎಲ್ಲಾ ಕಡೆ ಹಂಗಽ ಅಣ್ಣಾರ. ನಮ್ಮ ಓಣ್ಯಾಗೂ ಸುಳ್ಳ ಹೇಳ್ತಿದ್ರು, ನಾ ದಿನಾ ಗಟಾರದಾಗ ಬೀಳ್ತೇನಿ ಅಂತ."

ಅವನು ಅಲ್ಲ ಎಂದಷ್ಟೂ ಅವರಿಗೆ ಕರುಣೆ ಹೆಚ್ಚುತ್ತಿತ್ತು. ಸಿದ್ಧರಾಮ ಬೆಲ್ಲ ತೆಗೆದು ಬಾಯಿಗೆ ಇಡಲು ಹೋದ. ಇವರಿಗೆ ಡಾಕ್ಟರು ಬೇಕು, ಈಗಲೇ ಗಾಡಿಯಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಹೋಗೋಣ ಎಂದು ಕಾಂತು ಕೀಲಿ ತೆಗೆದ. ಅಮಸಿದ್ದ ನನ್ನ ಕಡೆ ನೋಡಿದ. "ಅಕ್ಕೋರ, ನೀವರೇ ಹೇಳ್ರಿ!" ಎಂದ. ಅಡುಗೆಮನೆಯ ಬಾಗಿಲಲ್ಲಿ ರೇವವ್ವ ಬಂದು ನಿಂತಿದ್ದಳು. ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ರೇಣು, ಅವರೆಲ್ಲರ ನಡುವೆ ಅವನೊಬ್ಬನೇ ಕುಡಿಯದವನು. ಅವನೊಬ್ಬನೇ ಅಳುತ್ತಿದ್ದ.

"ಕಾಂತು, ಅವನ್ನ ಬಿಡು. ಕುಂದರು" ಎಂದೆ. ಹೊರ್ತಿಯ ದನಿ ತಾನಾಗಿ ಬಂತು. ಕಾಂತು ನೆಲದ ಮೇಲೇ ಕೂತುಬಿಟ್ಟ. "ಇವರು ನಮ್ಮ ಅಣ್ಣ ಅಲ್ಲ. ನನಗ ಅಣ್ಣನಽ ಇಲ್ಲ."

ಕಾಂತು ಸ್ವಲ್ಪ ಯೋಚಿಸಿ, "ಹಂಗಾರ ಪೂಜಿಗೆ ಕುಂತಾವರು ಯಾರ್ರಿ?" ಎಂದ.

"ಲೇ ಕಾಂತು," ಎಂದ ಕುತುಬುದ್ದೀನ ನನ್ನ ಕಡೆ ನೋಡುತ್ತ, "ಅಣ್ಣಾರ ಮುಂದಽ ಕುಂತೀಯಲ್ಲೋ."

ಆಗ ನಾನು ಎದ್ದು ನಿಂತೆ. ಅವರು ಸಿಂದಗಿಯಲ್ಲಿ ನಿಲ್ಲುತ್ತಾರಲ್ಲ, ಹಾಗೇ. "ನನ್ನ ಹೆಸರು ಸುನಂದಾ. ನಾನು ಕುಡಿತದ ರೋಗಿ" ಎಂದೆ. ಯಕೃತ್ತಿನ ಬಗ್ಗೆ ಅಷ್ಟು ಮಾತಾಡಿದವಳ ಪಾಠ ಈ ಎರಡು ವಾಕ್ಯಕ್ಕೇ ಮುಗಿಯಿತು. ಈಗ ಅವರೆಲ್ಲ ನನ್ನ ಹೆಸರು ಹಿಡಿದು ನಮಸ್ಕಾರ ಹೇಳಬೇಕು, ಅದು ಅಲ್ಲಿಯ ಪದ್ಧತಿ. ಕುತುಬುದ್ದೀನ ಹೇಳಿದ. ಸಿದ್ಧರಾಮ ತುಟಿ ಅಲ್ಲಾಡಿಸಿದ, ದನಿ ಬರಲಿಲ್ಲ. ಕಾಂತು ಎರಡು ಸಲ "ನಮಸ್ಕಾರ ಸು... ನಮಸ್ಕಾರ ಸು..." ಎಂದು, "ನನ್ನ ಕೈಲೆ ಆಗೂದಿಲ್ರಿ ಅಕ್ಕೋರ, ಹೊಡೀತೀರಿ ಅನಸತೈತಿ" ಎಂದು ಅತ್ತುಬಿಟ್ಟ. ನಾನೂ ಅತ್ತೆ. ಅಳುತ್ತಲೇ ನಗು ಬಂತು.

ಅಮಸಿದ್ದನಿಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ರೇವವ್ವ ಬಾಟಲಿಯ ಸಂಗತಿಯನ್ನು ಬಿಡಿಸಿ ಹೇಳಿದಳು. "ಅಂದ್ರ, ಇಷ್ಟ ದಿನ ನಾ ಕುಡದದ್ದು ನೀವೇನ್ರಿ?" ಎಂದು ನನ್ನನ್ನು ಕೇಳಿದ. ಹೌದಪ್ಪಾ, ನನ್ನದು ತಪ್ಪಾಯಿತು ಎಂದೆ. ಬೈಯಲಿ ಎಂದು ಕಾದೆ. ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಇನ್ನ ಬಿಟ್ಟಬಿಡ್ರಿ ಅಕ್ಕೋರ. ನೀವು ಬಿಟ್ರ ನಾನೂ ಬಿಟ್ಟಂಗ" ಎಂದ.

ಹಾಗೆ ಅವತ್ತು ವಿಜಯಪುರಕ್ಕೆ ಕ್ರೂಸರಿನಲ್ಲಿ ಹೋದವಳು ನಾನು. ವಾರವಿಡೀ ಆಸ್ಪತ್ರೆಯಲ್ಲಿದ್ದೆ, ರೇವವ್ವ ಜೊತೆಗಿದ್ದಳು. ನಿನಗೆ ತಿಳಿಸಬೇಡ ಎಂದು ನಾನೇ ಹೇಳಿದ್ದೆ. ಡಾಕ್ಟರು ಚಿಕ್ಕ ಹುಡುಗಿ, ಹೆಸರು ಸುಲ್ತಾನಾ. ಪುಣ್ಯಕ್ಕೆ ನನ್ನ ಕೈಯಲ್ಲಿ ಓದಿದವಳಲ್ಲ. ಅದಕ್ಕೇ ಚೆನ್ನಾಗಿ ಬೈದಳು.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಎಂದರೆ ಜೈನುದ್ದೀನನ ಅಂಗಡಿಯ ಮುಂದೆ ನಿಂತು, ಅಷ್ಟೂ ಮಂದಿಗೆ ಕೇಳುವ ಹಾಗೆ, "ಅಮಸಿದ್ದ ಎಂದೂ ಕುಡಿದಿಲ್ಲ, ಆ ಬಾಟ್ಲಿ ನನ್ನವು" ಎಂದು ಹೇಳಿದ್ದು. ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಏನಾಯಿತು ಗೊತ್ತೇ? ಯಾರೂ ನಂಬಲಿಲ್ಲ! ಜೈನುದ್ದೀನ ಕೈ ಮುಗಿದು, "ಎಂಥಾ ದೊಡ್ಡ ಮನಸ್ರಿ ಅಕ್ಕೋರ ನಿಮ್ಮದು! ಕೆಲಸದಾಕಿ ಗಂಡನ ಮಾನ ಉಳಸಾಕ ತಮ್ಮ ಮ್ಯಾಲ ಹಾಕ್ಕೊಂಡ್ರಿ!" ಎಂದ. ನಾನು ಎಷ್ಟು ಹೇಳಿದರೂ ತಲೆಯಾಡಿಸಿ ಕಣ್ಣೀರು ತಂದುಕೊಂಡರು. ಈಗ ಓಣಿಯಲ್ಲಿ ಅಕ್ಕೋರ ಪುಣ್ಯದಿಂದ ಅಮಸಿದ್ದ ಕುಡಿತ ಬಿಟ್ಟ ಎಂದಾಗಿದೆ. ಚೌತಿಯ ದಿನ ಗಣಪತಿ ಮುಂದೆ ಅವನಿಗೆ ಶಾಲು ಹೊದಿಸಿದರು. ಹೊದ್ದುಕೊಂಡು ಬಂದು, "ಕುಡೀದಽ ಬಿಟ್ಟಾಂವ ಜಗತ್ತಿನ್ಯಾಗ ನಾ ಒಬ್ಬನಽ ಇರಬೇಕ್ರಿ" ಎಂದ. ಆದರೆ ಈಗ ಅಂಗಡಿಯ ಮುಂದೆ ಅವನಿಗೆ ಕೂರಲು ಜಾಗ ಕೊಡುತ್ತಾರೆ. ಬೀಡಿಯನ್ನೂ ಮತ್ತೆ ಶುರು ಮಾಡಿದ್ದಾನೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅದೇ ಚೌತಿಯ ದಿನ ಕಡುಬಿಗೆ ಬೆಲ್ಲ ತೆಗೆಯಲು ಹೋದಾಗ ಡಬ್ಬಿಯ ಹಿಂದೆ ನಾನೇ ಮರೆತಿಟ್ಟ ಬಾಟಲಿ ಸಿಕ್ಕಿತು. ಜಾರಿದೆ. ಆಮೇಲೆ ಕುತುಬುದ್ದೀನನಿಗೆ ಫೋನ್ ಮಾಡಿ ನಾಲಿಗೆ ತಡವರಿಸುತ್ತಲೇ ಹೇಳಿದೆ. ಅವನು, "ಉಳದದ್ದು ಬಚ್ಚಲಕ್ಕ ಸುರವ್ರಿ. ಸುರದ್ರೇನ್ರಿ? ಈಗ ಒಂದ ಕಡುಬ ತಿಂದ ಮಲಗ್ರಿ. ಐತವಾರ ಬರ್ರಿ" ಎಂದ. ಹೋದೆ. ಎದ್ದು ನಿಂತು ಹೇಳಿದೆ. ಯಾರೂ ಗಾಬರಿಯಾಗಲಿಲ್ಲ. ಸಿದ್ಧರಾಮ ಬೆಲ್ಲ ಕೊಟ್ಟ, ನನ್ನ ಕೈಗೇ ಕೊಟ್ಟ. ಅಂದಿನಿಂದ ಕುಡಿದಿಲ್ಲ. ನಾಳೆಯದು ಗೊತ್ತಿಲ್ಲ, ಇವತ್ತು ಕುಡಿದಿಲ್ಲ. ಅಲ್ಲಿ ಇಷ್ಟೇ ಕಲಿಸುತ್ತಾರೆ.

ನನಗೀಗ ಭಾಷಣ ಮಾಡಲು ಬಿಡುವುದಿಲ್ಲ. ಖಡು ಬಚ್ಚಿಟ್ಟಿದ್ದಾರೆ. ನಾನೂ ಆ ಅಂಗೈ ಅಗಲದ ಬೆಂಚಿನ ಮೇಲೆ ಎಲ್ಲರ ಜೊತೆ ಕೂರುತ್ತೇನೆ. ಸೊಂಟ ನೋಯುತ್ತದೆ.

ನೀನು, ಅನೀಲಕುಮಾರ ಅವರು, ಕೂಸು, ನೂರು ಕಾಲ ಬಾಳಿ. ನಿನ್ನ ಮನೆಯ ದೀಪ ಸದಾ ಬೆಳಗುತ್ತಿರಲಿ.

ಇಂತಿ,
ನಿನ್ನ ಅವ್ವ
ಸುನಂದಾ

ತಾ.ಕ.: ಇಷ್ಟೆಲ್ಲ ಬರೆದೆ, ಬರೆಯಬೇಕಾದದ್ದು ಉಳಿಯಿತು. ತೊಟ್ಟಿಲ ಕಾರ್ಯದ ದಿನ ಕೂಸು ನನ್ನ ತೊಡೆಯ ಮೇಲಿತ್ತು. ನೀನು ಅದರ ಕುಲಾವಿ ಸರಿಮಾಡಲು ಬಗ್ಗಿದೆ, ನಿನ್ನ ಮುಖ ನನ್ನ ಮುಖದ ಹತ್ತಿರ ಬಂತು, ಬಾಯಿಯ ವಾಸನೆ ಬಡಿಯಿತು. ತಕ್ಷಣ ನೀನು ಕೂಸನ್ನು ಎತ್ತಿಕೊಂಡು, "ಹಸದೈತಿ, ಹಾಲ ಕುಡಸ್ತೇನಿ" ಎಂದು ಒಳಗೆ ಹೋದೆ. ಕೂಸು ನಿದ್ದೆ ಮಾಡುತ್ತಿತ್ತು. ಸುತ್ತ ಕೂತ ಹೆಂಗಸರ್ಯಾರಿಗೂ ಅದು ತಿಳಿಯಲಿಲ್ಲ, ತಿಳಿಯದ ಹಾಗೆ ನೀನೇ ನೋಡಿಕೊಂಡೆ. ನಿನ್ನ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಎಷ್ಟೋ ಮಕ್ಕಳು ನನ್ನನ್ನು ಕಂಡು ಅಂಜಿದ್ದಾರೆ ರೇಣು, ನೀನು ಒಂದು ದಿನವೂ ಅಂಜಿದವಳಲ್ಲ. ನಾನು ಖಾಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು, ಹೆಂಗಸರು ಜೋಗುಳ ಹಾಡಿ ಮುಗಿಸುವ ತನಕ ಕೂತಿದ್ದೆ.

ದಸರೆಗೆ ಮುದ್ದೇಬಿಹಾಳಕ್ಕೆ ಬರುತ್ತೇನೆ. ಕೂಸನ್ನು ಕೈಗೆ ಕೊಡು ಎಂದು ಕೇಳುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂರುತ್ತೇನೆ, ನೀನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲು, ಒಂದಿಷ್ಟು ಹೊತ್ತು ನೋಡುತ್ತೇನೆ. ಅದಕ್ಕೆ ಹಸಿದರೆ ಒಳಗೆ ಹೋಗು. ಹಸಿಯದಿದ್ದರೂ ಹೋಗು, ಯಾಕೆಂದು ಕೇಳುವುದಿಲ್ಲ.